ಎಲ್ಲರಿಗೂ ಐವತ್ತೆಂಟು ಬರೆಸಿದ ಅಂಜಿನಮ್ಮ

ಬೆಳಗಿನ ಆರೂಕಾಲು. ಗವಿಪುರಂನ ಒಂದು ಮನೆಯ ಹಿತ್ತಿಲಲ್ಲಿ ಹಂಡೆಯೊಲೆ ಉರಿಯುತ್ತಿದೆ. 1986ರ ಜನವರಿಯ ಚಳಿಗೆ ಹೊಗೆ ಮೇಲೇಳದೆ ಗೋಡೆಗುಂಟ ಹರಡಿಕೊಂಡಿದೆ. ತೆಂಗಿನ ಗರಿ ಮುರಿದು ಒಲೆಗೆ ತುರುಕುತ್ತಿರುವವರು ಆ ಮನೆಯ ಹಿರಿಯರಾದ ಮುನಿಲಕ್ಷ್ಮಮ್ಮ. ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಬಟ್ಟೆಗಂಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವವರು ಅಂಜಿನಮ್ಮ. ಓಕಳಿಪುರಂನವರು, ಮನೆಮನೆಗೆ ಹೋಗಿ ಬಟ್ಟೆ ತಂದು ರವಿಕೆ ಹೊಲಿಯುವವರು, ವಯಸ್ಸು ಐವತ್ತೇಳು. ಒಳಗೆ ಸೊಸೆಯಂದಿರು ಇನ್ನೂ ಎದ್ದಿಲ್ಲ, ಮಗ ಹಾಲಿಗೆ ಹೋಗಿದ್ದಾನೆ. ಅಂಜಿನಮ್ಮನ ಇನ್ನೊಂದು ಕೆಲಸಕ್ಕೆ ಸಿಗುವುದು ಈ ಇಪ್ಪತ್ತು ನಿಮಿಷ ಮಾತ್ರ.

ಆ ಕೆಲಸಕ್ಕೆ ಸಂಬಳವಿಲ್ಲ, ಹೆಸರೂ ಇಲ್ಲ. ಅವರು ಸೂಜಿಗೆ ದಾರ ಪೋಣಿಸುತ್ತಾ, ತಲೆಯೆತ್ತದೆ ಕೇಳುತ್ತಾರೆ.

“ನಿನ್ನೆ ರವಿಕೆ ಬಲಗಡೆ ಅರ್ಧ ಇಂಚು ಬಿಚ್ಚಿಸ್ಕೊಂಡ್ರಲ್ಲಮ್ಮ. ಈಗ ಸರಿಯಾಯ್ತಾ?”

“ಇನ್ನೂ ಬಿಗೀನೇ ಐತೆ.”

“ಎಡಗಡೆ?”

“ಅದು ಸರಿಯಾಗೈತೆ.”

“ಬಲಗಡೆ ಕೈಗೆ ಏನಾದ್ರೂ ಸಿಗ್ತದಾ?”

ಮುನಿಲಕ್ಷ್ಮಮ್ಮ ಇನ್ನೆರಡು ಗರಿ ಮುರಿಯುತ್ತಾರೆ. “ಗೌರಿ ಹಬ್ಬದಾಗೆ ಕಡ್ಲೆಬೀಜದಷ್ಟಿತ್ತು. ಈಗ ನೆಲ್ಲಿಕಾಯಷ್ಟೈತೆ. ನೋವಿಲ್ಲ, ಅದಕ್ಕೇ ಸುಮ್ಕಿದ್ದೆ.”

ಮಕ್ಕಳಿಗೆ ಹೇಳಿಲ್ಲ, ಸೊಸೆಯರಿಗೆ ಹೇಳಿಲ್ಲ, ನಾಲ್ಕು ತಿಂಗಳಿಂದ ಯಾರಿಗೂ ಹೇಳಿರದ ಮಾತು ಇದು. ರವಿಕೆಯವಳಿಗೆ ಹೇಳಿದ್ದಾರೆ. “ಕಣ್ಣಿಗೆ ಕಣ್ಣು ಕೊಟ್ಟು ಕೇಳಿದ್ರೆ ಯಾರೂ ಹೇಳಲ್ಲ,” ಎನ್ನುತ್ತಾರೆ ಅಂಜಿನಮ್ಮ. “ಬಟ್ಟೆ ನೋಡ್ಕೊಂಡು ಕೇಳ್ಬೇಕು. ಕಾಯಿಲೆ ಹೆಸರು ಎತ್ಬಾರ್ದು. ಬಿಗಿ, ಸಡಿಲ, ಅಷ್ಟೇ ಮಾತು.” (ಈ ಬರಹದಲ್ಲಿ ಮುನಿಲಕ್ಷ್ಮಮ್ಮ ಮತ್ತವರ ಮನೆಯವರ ಹೆಸರುಗಳನ್ನು ಬದಲಿಸಲಾಗಿದೆ. ವಯಸ್ಸನ್ನು ಬದಲಿಸಿಲ್ಲ. ಯಾಕೆಂಬುದು ಮುಂದೆ ಓದಿದರೆ ತಿಳಿಯುತ್ತದೆ.)

ಬೆಂಗಳೂರಿನ ಹಳೆಯ ಬಡಾವಣೆಗಳ ಹಿರಿಯ ಹೆಂಗಸರು ದರ್ಜಿಯ ಟೇಪಿಗೆ ಮೈ ಕೊಡುವವರಲ್ಲ. ಹಳೆಯದೊಂದು ರವಿಕೆಯನ್ನು ಮಡಚಿ ಕಳಿಸುತ್ತಾರೆ, ಅದರ ಅಳತೆಗೆ ಹೊಸದನ್ನು ಹೊಲಿಯಬೇಕು. ಮೈ ಬದಲಾದರೆ ರವಿಕೆ ವಾಪಸ್ ಬರುತ್ತದೆ. ಮುಂದೆ ಬೇಕಾದೀತೆಂದು ಒಳಹೊಲಿಗೆಯಲ್ಲಿ ಎರಡೂ ಪಕ್ಕ ಬಿಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಸಡಿಲ ಮಾಡಿಕೊಡುವುದು ಅಂಜಿನಮ್ಮನ ದಿನನಿತ್ಯದ ಕೆಲಸ. ದಪ್ಪಗಾದವರು ಎರಡೂ ಕಡೆ ಬಿಚ್ಚಿಸುತ್ತಾರೆ. ಒಂದೇ ಕಡೆ ಬಿಚ್ಚಿ ಎಂದವರ ಮನೆಗೆ ಅಂಜಿನಮ್ಮ ಮಾರನೇ ದಿನ ಬೆಳಗಾಗುವುದರೊಳಗೆ ಹಾಜರಾಗುತ್ತಾರೆ. ಈ ಲೆಕ್ಕವನ್ನು ಅವರಿಗೆ ಯಾವ ಡಾಕ್ಟರೂ ಹೇಳಿಕೊಟ್ಟದ್ದಲ್ಲ. ಲಕ್ಕಮ್ಮ ಎಂಬ ಗಿರಾಕಿ ಸತ್ತು ಕಲಿಸಿದ್ದು.

ಅದು 1974. ಅಂಜಿನಮ್ಮನ ಗಂಡ ಬೈರಯ್ಯ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು, ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹೊಲಿಗೆ ಯಂತ್ರವೊಂದೇ ಮನೆಯಲ್ಲಿ ಸದ್ದು ಮಾಡುವ ಜೀವ. ಚಾಮರಾಜಪೇಟೆಯ ಲಕ್ಕಮ್ಮ, ಅರವತ್ತಾರು ವರ್ಷದವರು, ಹಸಿರು ರವಿಕೆಯೊಂದನ್ನು ಹತ್ತು ತಿಂಗಳಲ್ಲಿ ಮೂರು ಸಲ ವಾಪಸ್ ಕಳಿಸಿದರು. ಮೂರು ಸಲವೂ ಎಡಗಡೆ ಬಿಗಿ ಅಂತಲೇ. ಅಂಜಿನಮ್ಮನಿಗೆ ಬಂದದ್ದು ಅನುಮಾನವಲ್ಲ, ಸಿಟ್ಟು.

“ನನ್ನ ಹೊಲಿಗೇನೇ ಸರಿಯಿಲ್ಲ ಅಂತ ಈಯಮ್ಮ ಆಡ್ಕೊಳ್ತಾಳೆ ಅಂದ್ಕೊಂಡೆ. ಮೂರು ಸಲಾನೂ ಬಿಚ್ಚಿ ಕೊಟ್ಟೆ, ಒಂದು ಮಾತು ಕೇಳ್ಲಿಲ್ಲ. ನಾಕನೇ ಸಲ ಬಂದಾಗ ಒಳಗಡೆ ಕಂದು ಕಲೆ ಇತ್ತು. ಅರಿಶಿನ ಅಂದ್ಕೊಂಡು ಸೋಪು ಹಾಕಿ ಒಗೆದು ಕಳಿಸ್ಬಿಟ್ಟೆ. ಯುಗಾದಿ ಆದ ಒಂಬತ್ತನೇ ದಿನಕ್ಕೆ ಹೋಗ್ಬಿಟ್ರು, ಎದೇಲಿ ಗಂಟಿತ್ತಂತೆ.” ಇದನ್ನು ಹೇಳುವಾಗ ಅಂಜಿನಮ್ಮನ ಕೈಯ ಸೂಜಿ ನಿಲ್ಲುತ್ತದೆ. “ಅವರ ಮನೆಯವರಿಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಾಗ್ಬೇಕಿತ್ತು. ನಾಕು ಸಲ ಕೈಲಿ ಹಿಡ್ದು ನೋಡಿದ್ನಲ್ಲ.”

ಅಲ್ಲಿಂದೀಚೆಗೆ ಹನ್ನೆರಡು ವರ್ಷ. ಅಂಜಿನಮ್ಮ ದಿನಕ್ಕೆ ನಾಲ್ಕು ರವಿಕೆ ಹೊಲಿಯುತ್ತಾರೆ, ಏಳೆಂಟು ಮೈಲಿ ನಡೆಯುತ್ತಾರೆ. ಚಾಮರಾಜಪೇಟೆ, ಬಸವನಗುಡಿ, ಗವಿಪುರಂ ಸೇರಿ ಅರವತ್ತನಾಲ್ಕು ಹೆಂಗಸರನ್ನು ಡಾಕ್ಟರ ಬಳಿಗೆ ಕಳಿಸಿದ್ದಾರೆ. ಯಾರ ಹೆಸರೂ ಬರೆದಿಟ್ಟಿಲ್ಲ. ನೆನಪು ಮಾಡಿಕೊಳ್ಳುವುದು ಬಟ್ಟೆಯಿಂದ: ಕೆಂಪಂಚಿನ ಕಪ್ಪು ರವಿಕೆ, ಮೊಳಕೈವರೆಗೆ ತೋಳಿದ್ದ ಬಿಳಿ ರವಿಕೆ, ಬೆನ್ನಿಗೆ ಗುಂಡಿಯಿದ್ದ ನೀಲಿ. ಹದಿನೇಳು ಜನರಿಗೆ ಎದೆಯ ಗಂಟು ಕೆಟ್ಟದ್ದೆಂದು ಗೊತ್ತಾಗಿದೆ. ಅವರಲ್ಲಿ ಹನ್ನೊಂದು ಜನ ಇವತ್ತಿಗೂ ಬದುಕಿದ್ದಾರೆ.

ಆ ಹನ್ನೊಂದು ಜನರಲ್ಲಿ ಒಬ್ಬರೂ ಈಗ ಅಂಜಿನಮ್ಮನ ಬಳಿ ರವಿಕೆ ಹೊಲಿಸುವುದಿಲ್ಲ. ತಮ್ಮ ಮೈಯ ಗುಟ್ಟು ಗೊತ್ತಿರುವ ಹೆಂಗಸು ಮತ್ತೆ ಹೊಸ್ತಿಲು ತುಳಿಯುವುದು ಯಾರಿಗೂ ಬೇಕಿಲ್ಲ. ರಸ್ತೆಯಲ್ಲಿ ಎದುರಾದರೆ ಮುಖ ಮರೆಯಾಗುವಂತೆ ಅವರ ಕೊಡೆ ಈ ಕಡೆಗೆ ವಾಲುತ್ತದೆ. ಅಂಜಿನಮ್ಮ ಒಂದು ಮನೆಗೆ ಎರಡು ದಿನ ಸತತ ಹೋದರೆ ಅಕ್ಕಪಕ್ಕದವರು ಪಿಸುಗುಡುತ್ತಾರೆ, ಹಾಗಾಗಿ ಚೆನ್ನಾಗಿರುವವರೂ ಈಗೀಗ ಬೇರೆ ದರ್ಜಿಯನ್ನು ನೋಡಿಕೊಂಡಿದ್ದಾರೆ. ಒಂದು ಕಾಲಕ್ಕೆ ನೂರಿಪ್ಪತ್ತು ಮನೆಯಿದ್ದದ್ದು ಈಗ ನಲವತ್ತಕ್ಕೆ ಇಳಿದಿದೆ. ಒಂಟಿತನ ಬೇಸರ ತರುವುದಿಲ್ಲವೇ ಎಂದರೆ ಅವರು ದೊಡ್ಡ ಮಾತಾಡುವುದಿಲ್ಲ. “ಬೇಜಾರಾಗತ್ತೆ. ಭಾನುವಾರ ಜಾಸ್ತಿ ಆಗತ್ತೆ. ಯಾರಾದ್ರೂ ಅಂಜಿನಮ್ಮ ಅಂತ ಕೂಗ್ಲಿ ಅನ್ಸತ್ತೆ. ಯಾಕೆ ಕೂಗ್ತಾರೆ ಹೇಳಿ, ನನ್ನ ನೋಡಿದ್ರೆ ಅವರಿಗೆ ಅದೇ ಜ್ಞಾಪಕ.”

ಇಷ್ಟಾದರೆ ಇದು ಒಬ್ಬ ಒಳ್ಳೆಯ ಹೆಂಗಸಿನ ಕಥೆ ಎಂದು ಮುಗಿಸಿಬಿಡಬಹುದಿತ್ತು. ಆದರೆ ಅಂಜಿನಮ್ಮ ಒಂದು ದೊಡ್ಡ ತಪ್ಪು ಮಾಡಿದ್ದಾರೆ. ಆ ತಪ್ಪು ಈಗ ದೆಹಲಿಯ ತನಕ ಹೋಗಿ ಕೂತಿದೆ.

1983ರಲ್ಲಿ ಚಾಮರಾಜಪೇಟೆಯ ಒಂದು ಧರ್ಮಾರ್ಥ ಚಿಕಿತ್ಸಾಲಯದಲ್ಲಿ ಪ್ರತಿ ಗುರುವಾರ ಹೆಂಗಸರ ಎದೆ ತಪಾಸಣೆ ಶುರುವಾಯಿತು. ದೇಶಕ್ಕೆಲ್ಲ ಇಂಥದ್ದೊಂದು ವ್ಯವಸ್ಥೆ ಮಾಡುವ ಮುನ್ನ ಕೇಂದ್ರದವರು ಕೆಲವೇ ಕಡೆ ನಡೆಸಿ ನೋಡುತ್ತಿದ್ದ ಪ್ರಯೋಗ ಅದು. ಕೈಯಿಂದಲೇ ಪರೀಕ್ಷೆ. ಅನುಮಾನ ಬಂದರೆ ಒಂದು ಗುಲಾಬಿ ಚೀಟಿ. ಆ ಚೀಟಿ ಹಿಡಿದು ಹೋದರೆ ದೊಡ್ಡಾಸ್ಪತ್ರೆಯಲ್ಲಿ ಸಾಲು ನಿಲ್ಲಬೇಕಿಲ್ಲ, ಮಾರನೇ ದಿನವೇ ನೋಡುತ್ತಾರೆ. ವಯಸ್ಸಿನ ಮಿತಿ ಎಂಬುದು ಆಗ ಇರಲೇ ಇಲ್ಲ.

ಮೊದಲ ಗುರುವಾರ ಅಂಜಿನಮ್ಮ ಎಪ್ಪತ್ತು ದಾಟಿದವರೊಬ್ಬರನ್ನು ಕರೆದುಕೊಂಡು ಹೋದರು. ಗೇಟಿನಲ್ಲಿ ನಿಂತಿದ್ದ ಯಾರೋ ಒಬ್ಬಾತ, ಇವತ್ತಿಗೂ ಆತ ಯಾರೆಂದು ಗೊತ್ತಿಲ್ಲ, “ಅಜ್ಜಿಯರಿಗೆಲ್ಲ ಇದಲ್ಲ, ಸಣ್ಣ ವಯಸ್ಸಿನವರಿಗೆ,” ಎಂದು ನಕ್ಕು ಕಳಿಸಿಬಿಟ್ಟ. ಅಂಜಿನಮ್ಮ ಅದನ್ನೇ ಕಾನೂನು ಎಂದುಕೊಂಡರು. ಒಳಗೆ ಹೋಗಿ ಯಾರನ್ನೂ ಕೇಳಲಿಲ್ಲ. ಓಕಳಿಪುರಂನ ಬಡವಿ ಆಸ್ಪತ್ರೆಯ ಮೇಜಿನ ಮುಂದೆ ನಿಂತು ಕಾನೂನು ಕೇಳುವ ಕಾಲ ಅದಲ್ಲ, ಇದೂ ಅಲ್ಲ. ಮುಂದಿನ ಗುರುವಾರದಿಂದ ತಾವು ಕರೆತಂದ ಅಷ್ಟೂ ಜನ ವಯಸ್ಸಾದವರಿಗೆ ಒಂದೇ ಪಾಠ ಹೇಳಿಕೊಟ್ಟರು: ಕೇಳಿದರೆ ಐವತ್ತೆಂಟು ಅನ್ನಿ. ಹುಟ್ಟಿದ ವರ್ಷ ಯಾರಿಗೂ ನೆಟ್ಟಗೆ ಗೊತ್ತಿರದ ಕಾರಣ ಯಾರಿಗೂ ಅದು ಸುಳ್ಳು ಅನ್ನಿಸಲಿಲ್ಲ. ಎರಡೂವರೆ ವರ್ಷದಲ್ಲಿ ಹೀಗೆ ಒಳಗೆ ಹೋದವರು ಮೂವತ್ತೊಂದು ಜನ. ಅವರಲ್ಲಿ ಒಂಬತ್ತು ಮಂದಿಗೆ ಕಾಯಿಲೆ ಇತ್ತು.

ಗುರುವಾರದ ಡಾಕ್ಟರ್ ಗಿರಿಜಾಂಬಾ ತಮ್ಮ ಪಾಲನ್ನು ಮುಚ್ಚಿಡುವುದಿಲ್ಲ. “ಈ ಪೇಟೆಯಲ್ಲಿ ಎಲ್ಲರಿಗೂ ಐವತ್ತೆಂಟೇ ಆಗುತ್ತಲ್ಲ ಅಂತ ನಾನೂ ಒಂದು ಸಲ ನಕ್ಕಿದ್ದೆ. ನಗುವ ಬದಲು ಕೇಳಬೇಕಿತ್ತು.” ಹೋದ ನವೆಂಬರಿನಲ್ಲಿ ದೆಹಲಿಯ ಸಮಿತಿ ಎಲ್ಲ ಕಡೆಯ ರಿಜಿಸ್ಟರುಗಳನ್ನು ತರಿಸಿಕೊಂಡು ನೋಡಿತು. ಬೇರೆ ಕಡೆ ಅರವತ್ತು ದಾಟಿದವರು ಬೆರಳೆಣಿಕೆ, ಬೆಂಗಳೂರಿನ ರಿಜಿಸ್ಟರಿನಲ್ಲಿ ಒಬ್ಬರೂ ಇಲ್ಲ. ಬರುವವರೂ ಇಲ್ಲ, ಕಾಯಿಲೆ ಸಿಕ್ಕವರೂ ಇಲ್ಲ. ಹಾಗಾದರೆ ಅವರನ್ನು ಕರೆಯುವುದು ದಂಡ ಎಂದು ಸಮಿತಿ ಬರೆಯಿತು. ದೇಶಕ್ಕೆಲ್ಲ ಆಗಲಿರುವ ನಿಯಮದ ಕರಡಿನಲ್ಲಿ ಮೂವತ್ತೈದರಿಂದ ಅರವತ್ತು ಎಂದು ಕೂತಿತು. ಈ ವರ್ಷದ ಜನವರಿಯಿಂದ ಇಲ್ಲೂ ಅದೇ ಜಾರಿ. ಅರವತ್ತು ದಾಟಿದವರಿಗೆ ಗುಲಾಬಿ ಚೀಟಿ ಇಲ್ಲ.

ಗೇಟಿನವನ ಬಾಯಿಮಾತಿಗೆ ಹೆದರಿ ಹೇಳಿದ ಸುಳ್ಳು ಆ ಬಾಯಿಮಾತನ್ನೇ ನಿಯಮ ಮಾಡಿಬಿಟ್ಟಿತು. ಡಾಕ್ಟರು ಕರಡನ್ನು ಓದಿ ಹೇಳಿದ ದಿನ ಅಂಜಿನಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಒಪ್ಪಿಕೊಂಡರು. ಗಿರಿಜಾಂಬಾ ಬೈಯಲಿಲ್ಲ. ವಯಸ್ಸಾದಂತೆ ಈ ಕಾಯಿಲೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದು ಅವರಿಗೆ ಗೊತ್ತು. ಹಾಗೆಂದು ಸಮಿತಿಯವರನ್ನು ರಾಕ್ಷಸರೆನ್ನಲೂ ಅವರು ತಯಾರಿಲ್ಲ. “ನಾನೊಬ್ಬಳು, ಕೋಣೆ ಒಂದು. ಮೂರು ಚಿಕ್ಕ ಮಕ್ಕಳಿರುವ ಮೂವತ್ತೆಂಟರ ತಾಯಿ ಹೊರಗೆ ಕಾಯುತ್ತಿದ್ದಾಳೆ. ಯಾರನ್ನು ಮೊದಲು ನೋಡಲಿ?” ಎಂದು ಅವರು ಕೇಳಿದ್ದಕ್ಕೆ ಅಂಜಿನಮ್ಮ ಕೊಟ್ಟ ಉತ್ತರ ಇಷ್ಟು: “ಆಕೇನೇ ಮೊದಲು ನೋಡಿ. ಅಜ್ಜೀರಿಗೆ ಆಮೇಲೆ ಅಂತ ಬರೀಲಿ, ಕಾಯ್ತಾರೆ. ಬ್ಯಾಡ ಅಂತ ಯಾಕೆ ಬರೀಬೇಕು?”

ಕರಡನ್ನು ಗಟ್ಟಿ ಮಾಡುವ ಮುನ್ನ ಸಮಿತಿಯವರು ಮಾರ್ಚಿ ಹದಿನಾಲ್ಕರಂದು ಚಾಮರಾಜಪೇಟೆಗೆ ಬರುತ್ತಾರೆ. ಅಷ್ಟರೊಳಗೆ ನಿಜವಾದ ವಯಸ್ಸಿನ ಹೆಸರುಗಳು ಬೇಕು. ಅಂಜಿನಮ್ಮ ಆ ಮೂವತ್ತೊಂದು ಮನೆಗಳಲ್ಲಿ ಬದುಕಿರುವವರ ಬಾಗಿಲನ್ನೆಲ್ಲ ತಟ್ಟಿ ಬಂದರು. ಕೆಲವರು ಕಿಟಕಿಯಿಂದ ನೋಡಿ ಒಳಗೆ ಹೋದರು. ಒಬ್ಬಾಕೆ ಬಾಗಿಲು ತೆರೆದು, ನಿಮ್ಮನ್ನು ನಾನು ನೋಡಿಯೇ ಇಲ್ಲವಲ್ಲ ಎಂದರು. ಬೆನ್ನಿಗೆ ಗುಂಡಿಯ ನೀಲಿ ರವಿಕೆ ಅವರದೇ.

ಹಳಬರಲ್ಲಿ ಒಬ್ಬರೂ ಒಪ್ಪಲಿಲ್ಲ, ಉಳಿದವರು ಹೊಸಬರಾದ ಮುನಿಲಕ್ಷ್ಮಮ್ಮ. ಹಿತ್ತಿಲಲ್ಲಿ ಮಾತಾಡಿದ ಅದೇ ಗುರುವಾರ, ಹೂವಿಗೆ ಮಾರ್ಕೆಟ್ಟಿಗೆ ಹೋಗಿಬರುತ್ತೇನೆಂದು ಮನೆಯಲ್ಲಿ ಹೇಳಿ ಅವರು ಹೊರಟಿದ್ದಾರೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಅವರು, ಪಕ್ಕದಲ್ಲಿ ಬಟ್ಟೆಗಂಟು ಹಿಡಿದ ಅಂಜಿನಮ್ಮ. ನಿಜ ಹೇಳಿಸಿದರೆ ಈ ಜೀವಕ್ಕೆ ಚೀಟಿ ಸಿಗುವುದಿಲ್ಲ. ಸುಳ್ಳು ಹೇಳಿಸಿದರೆ ಇವರೊಬ್ಬರು ಉಳಿದಾರು, ಆದರೆ ಮಾರ್ಚಿಯಲ್ಲಿ ತೋರಿಸಲು ಯಾರೂ ಇರುವುದಿಲ್ಲ, ಮುಂದೆ ಬರುವ ಅಜ್ಜಿಯರಿಗೆಲ್ಲ ಬಾಗಿಲು ಮುಚ್ಚಿದಂತೆಯೇ. ಎರಡನ್ನೂ ಅವರಿಗೆ ಬಿಡಿಸಿ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಧೈರ್ಯ ಸಾಲದೆ ಹೋಯಿತು.

“ಅಮ್ಮ, ದೆಹಲಿ ಮನೆ ಹಾಳಾಗ್ಲಿ. ನೀವು ಐವತ್ತೆಂಟು ಅಂದ್ಬಿಡಿ,” ಎಂದುಬಿಟ್ಟರು. ಮುನಿಲಕ್ಷ್ಮಮ್ಮ ಟಿಕೆಟ್ಟಿನ ಚಿಲ್ಲರೆ ಎಣಿಸಿ ಕಂಡಕ್ಟರಿಗೆ ಕೊಟ್ಟರು.

ಚಿಕಿತ್ಸಾಲಯದ ಮೇಜಿನಲ್ಲಿ ಹೆಸರು ಬರೆದುಕೊಳ್ಳುವವರು ಗುಮಾಸ್ತ ರಾಮಸ್ವಾಮಿ. ಒಳ್ಳೆಯ ಮನುಷ್ಯ. ಎದುರಿಗೆ ನಿಂತವರ ನರೆತ ತಲೆ ನೋಡಿ, ತಾವಾಗಿಯೇ ದನಿ ತಗ್ಗಿಸಿ, “ಐವತ್ತೆಂಟಾ, ಐವತ್ತೊಂಬತ್ತಾ?” ಎಂದರು.

“ಎಪ್ಪತ್ತೆರಡು,” ಎಂದರು ಮುನಿಲಕ್ಷ್ಮಮ್ಮ.

ರಾಮಸ್ವಾಮಿ ಪೆನ್ನು ಎತ್ತಿಕೊಂಡೇ ಕೂತರು. “ಅರವತ್ತರೊಳಗೆ ಹೇಳಿದ್ರೆ ಒಳ್ಳೇದಿತ್ತಮ್ಮ.”

“ನನ್ನ ದೊಡ್ಡ ಮಗನಿಗೇ ಐವತ್ತೊಂದು. ನನಗೆ ಐವತ್ತೆಂಟಂದ್ರೆ ಏಳು ವರ್ಷಕ್ಕೆ ಹೆತ್ತೆನಾ ಅವನ್ನ? ಮೊದಲ್ನೇ ದೊಡ್ಡ ಯುದ್ಧ ಶುರುವಾದ ವರ್ಷ ಹುಟ್ಟಿದ್ದು ನಾನು, ನಮ್ಮಪ್ಪ ಹೇಳ್ತಿದ್ದ. ಬದುಕಿದ್ದೀನಪ್ಪ ಅಷ್ಟು ವರ್ಷ. ಕದ್ದು ತಂದಿದ್ದೇನಲ್ಲ, ಬರ್ಕೊ.”

ಬೆಂಚಿನ ಮೇಲಿದ್ದ ಹೆಂಗಸರು ನಕ್ಕರು. ಅಂಜಿನಮ್ಮ ನಗಲಿಲ್ಲ. ಅವರ ಕಣ್ಣಲ್ಲಿ ನೀರು ಬಂದದ್ದು ಹೆಮ್ಮೆಗೋ ಹೆದರಿಕೆಗೋ ಎಂದು ಅವರಿಗೇ ತಿಳಿಯಲಿಲ್ಲವಂತೆ. ರಾಮಸ್ವಾಮಿ ರಿಜಿಸ್ಟರನ್ನು ಪಕ್ಕಕ್ಕಿಟ್ಟು, ಬೇರೊಂದು ಬಿಳಿ ಹಾಳೆ ತೆಗೆದು, ಅದರ ಮೊದಲ ಸಾಲಿನಲ್ಲಿ ಹೆಸರು ಬರೆದು ಮುಂದೆ ಎಪ್ಪತ್ತೆರಡು ಎಂದು ಅಕ್ಷರದಲ್ಲೇ ಬರೆದರು.

ಒಳಗೆ ಕರೆದದ್ದು ಮಧ್ಯಾಹ್ನ ಒಂದೂಕಾಲಿಗೆ, ಚಿಕ್ಕವರೆಲ್ಲ ಮುಗಿದ ಮೇಲೆ, ಡಾಕ್ಟರು ತಮ್ಮ ಊಟ ಬಿಟ್ಟು. ಗಿರಿಜಾಂಬಾ ಬಹಳ ಹೊತ್ತು ನೋಡಿದರು. ದೊಡ್ಡಾಸ್ಪತ್ರೆಗೆ ಹೋಗಲೇಬೇಕು, ಬೇಗ ಹೋಗಬೇಕು ಎಂದರು. ಗುಲಾಬಿ ಚೀಟಿ ಕೊಡುವ ಹಾಗಿರಲಿಲ್ಲ. ತಮ್ಮದೇ ಕಾಗದದಲ್ಲಿ ಒಂದು ಪತ್ರ ಬರೆದುಕೊಟ್ಟರು. ಚೀಟಿಯಿಲ್ಲದವರು ಸಾಲಿನಲ್ಲಿ ಕಾಯಬೇಕು, ಜೊತೆಗೆ ಮನೆಯವರು ಬಂದು ರುಜು ಹಾಕಬೇಕು. ಅಂದರೆ ಮಗನಿಗೆ ಹೇಳಲೇಬೇಕು.

ವಾಪಸ್ ಬರುವಾಗ ಇಬ್ಬರೂ ಮಾರ್ಕೆಟ್ಟಿನಲ್ಲಿ ಇಳಿದು, ಆ ಹೊತ್ತಿಗೆ ಉಳಿದಿದ್ದ ಅರೆಬಾಡಿದ ಕನಕಾಂಬರ ಕೊಂಡರು. ಮುನಿಲಕ್ಷ್ಮಮ್ಮ ಗವಿಪುರಂ ಬಸ್ಸು ಹತ್ತುವ ಮೊದಲು ಅಂಜಿನಮ್ಮನ ಕಡೆ ತಿರುಗಿ, “ನೀನು ಬರಬ್ಯಾಡ ಮನೆ ತಂಕ. ನಾನು ಹೇಳ್ಕೊಂತೀನಿ,” ಎಂದರು. ಅವರಿಬ್ಬರ ನಡುವೆ ಅದೇ ಕೊನೆಯ ಮಾತು.

ಮಗ ದೊಡ್ಡಬೈರಪ್ಪ ಮಾರನೇ ದಿನವೇ ಓಕಳಿಪುರಂಗೆ ಬಂದರು. ರೈಲು ಹಾದುಹೋಗುವ ಸದ್ದಿನಲ್ಲೂ ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಗುಟ್ಟಾಗಿ ಕರೆದುಕೊಂಡು ಹೋಗುವುದಕ್ಕೆ ನೀನು ಯಾರು, ಐವತ್ತೆಂಟು ಎಂದಿದ್ದರೆ ಚೀಟಿ ಸಿಗುತ್ತಿತ್ತಂತಲ್ಲ, ನನ್ನ ತಾಯಿಯೇ ಬೇಕಿತ್ತಾ ನಿನಗೆ ಸತ್ಯ ನಡೆಸೋದಕ್ಕೆ ಎಂದರು. ಐವತ್ತೆಂಟು ಎನ್ನಲು ತಾನೇ ಬೇಡಿಕೊಂಡೆ ಎಂದು ಅಂಜಿನಮ್ಮ ಹೇಳಬಹುದಿತ್ತು. ಹೇಳಲಿಲ್ಲ. “ಮಗ ಅಲ್ವಾ, ಅಷ್ಟು ಬಂದೇ ಬರತ್ತೆ. ಅಮ್ಮನ ಮೇಲೆ ಕೂಗಾಡೋ ಬದ್ಲು ನನ್ಮೇಲೆ ಕೂಗಾಡಿದ್ರಲ್ಲ, ಒಳ್ಳೇದೇ ಆಯ್ತು,” ಎನ್ನುತ್ತಾರೆ.

ಮುನಿಲಕ್ಷ್ಮಮ್ಮ ಹತ್ತೊಂಬತ್ತು ದಿನ ಕಾದರು. ಆ ಹತ್ತೊಂಬತ್ತು ದಿನವೂ ಅಂಜಿನಮ್ಮನ ಕೈಯಲ್ಲಿ ಹೊಲಿಗೆ ನೆಟ್ಟಗೆ ಬರಲಿಲ್ಲ. ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿದರು. ಇಪ್ಪತ್ತನೇ ದಿನ ಆಪರೇಷನ್ ಆಯಿತು. ಗಂಟು ಪೂರ್ತಿ ಹೋಗಿದೆ, ಬೇರೆ ಕಡೆ ಹಬ್ಬಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅಂಜಿನಮ್ಮನಿಗೆ ಮುಟ್ಟಿಸಿದವರು ಗುಮಾಸ್ತ ರಾಮಸ್ವಾಮಿ.

ಈಗ ಮಾರ್ಚಿ ಮೊದಲ ವಾರ. ಬಿಳಿ ಹಾಳೆಯಲ್ಲಿ ಇನ್ನೂ ಒಂದೇ ಹೆಸರಿದೆ. ಮುನಿಲಕ್ಷ್ಮಮ್ಮ ಸಮಿತಿಯವರೆದುರು ಬಂದು ನಿಂತರೆ ಹತ್ತು ಪುಟ ಬರೆದು ಕಳಿಸಿದ್ದಕ್ಕಿಂತ ಹೆಚ್ಚು ಎನ್ನುತ್ತಾರೆ ಗಿರಿಜಾಂಬಾ. ಅವರು ಕಳಿಸಿದ ಕಾಗದಕ್ಕೆ ಗವಿಪುರಂನಿಂದ ಉತ್ತರ ಬಂದಿಲ್ಲ. ಕಳೆದ ಸೋಮವಾರ ದೇವಸ್ಥಾನದ ಬೀದಿಯಲ್ಲಿ ಮುನಿಲಕ್ಷ್ಮಮ್ಮ ಸೊಸೆಯ ಕೈ ಹಿಡಿದು ಎದುರಿಗೇ ಬಂದರು. ಅಂಜಿನಮ್ಮನ ಕಣ್ಣು ಮೊದಲು ಹೋದದ್ದು ರವಿಕೆಯ ಮೇಲೆ. ಯಾರೋ ಹೊಲಿದದ್ದು, ಬಲಗಡೆ ಜೋತುಬಿದ್ದಿತ್ತು. ಮುಖ ನೋಡುವಷ್ಟರಲ್ಲಿ ಅವರು ಸೆರಗು ಎಳೆದುಕೊಂಡು ಆ ಕಡೆ ತಿರುಗಿಯಾಗಿತ್ತು. ಬದುಕಿ ಮುಖ ತಿರುಗಿಸುವವರು ಹನ್ನೊಂದು ಇದ್ದದ್ದು ಹನ್ನೆರಡಾಯಿತು.

ಮಶೀನಿನ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿ ಅಂಜಿನಮ್ಮ ತಮ್ಮ ಆಸೆ ಹೇಳುತ್ತಾರೆ. “ನನ್ ಜೊತೆ ಮಾತಾಡ್ಬೇಕು ಅಂತಿಲ್ಲ. ಹದಿನಾಲ್ಕನೇ ತಾರೀಕು ಒಂದು ದಿನ ಬಂದು, ಆ ದೊಡ್ಡೋರ ಮುಂದೆ ನಿಂತು ವಯಸ್ಸು ಹೇಳಿ ಹೋಗ್ಲಿ. ನನ್ನ ನೋಡಿದ್ರೆ ಒಳಗೆ ಬರೋಕೆ ಸಂಕೋಚ ಆಗ್ಬೋದು. ಅದಕ್ಕೇ ನಾನು ಅವತ್ತು ಗೇಟಿನ ಹತ್ರ ಇರಲ್ಲ, ಆಚೆ ರಸ್ತೇಲಿ ನಿಂತಿರ್ತೀನಿ.”